ಒಂದೇ ಋತುವಿನ ಸಮುದ್ರ ಸಮೀಕ್ಷೆಯನ್ನು ಆಕ್ಷೇಪಿಸುವ ಬಗ್ಗೆ
ಕಡಲತೀರದ ರೆಸಾರ್ಟ್ ಯೋಜನೆಯ ಪರಿಸರ ಪರಿಣಾಮ ವರದಿಗಾಗಿ ಸಮುದ್ರಜೀವಿಗಳ ಸಮೀಕ್ಷೆ ಒಂದೇ ಋತುವಿನಲ್ಲಿ ನಡೆದಿದೆ, ಇದನ್ನು ಆಕ್ಷೇಪಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಆಕ್ಷೇಪಿಸಬೇಕು, ನಿಮ್ಮ ಅತ್ಯಂತ ಬಲವಾದ ವಾದವೇ ಅದು. ಆಮೆಗಳು ಮೊಟ್ಟೆಯಿಡುವುದು, ಮೀನುಗಳ ಸಂತಾನೋತ್ಪತ್ತಿ, ಕಡಲಹುಲ್ಲಿನ ಬೆಳವಣಿಗೆ, ದಡದ ಮರಳಿನ ಚಲನೆ ಇವೆಲ್ಲವೂ ಋತುವಿನೊಂದಿಗೆ ಬದಲಾಗುವುದರಿಂದ, ಕೆಲವೇ ವಾರಗಳಲ್ಲಿ ಒಂದು ಜೀವಿ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಅಲ್ಲಿಲ್ಲವೆಂದು ತೀರ್ಮಾನಿಸಲಾಗದು. ಹೂಳೆತ್ತುವಾಗ ಏಳುವ ಕೆಸರು ಕಡಲಹುಲ್ಲಿಗೆ ಬೆಳಕು ತಲುಪದಂತೆ ಮಾಡುತ್ತದೆ, ಹವಳಗಳನ್ನೂ ಮುಚ್ಚುತ್ತದೆ. ರಾತ್ರಿಯ ದೀಪಗಳು ಆಮೆಮರಿಗಳನ್ನು ನೀರಿನ ಬದಲು ನೆಲದತ್ತ ಸೆಳೆಯುತ್ತವೆ. ಇವನ್ನು ವರದಿಯ ಯಾವ ಪುಟದಲ್ಲಿ ಪರಿಶೀಲಿಸಲಾಗಿದೆ ಎಂದು ಕೇಳಿ. ಗಂಭೀರ ಹಾನಿಯ ಭೀತಿಯಿದ್ದಾಗ ವೈಜ್ಞಾನಿಕ ಅನಿಶ್ಚಿತತೆಯ ನೆಪದಲ್ಲಿ ರಕ್ಷಣಾಕ್ರಮಗಳನ್ನು ಮುಂದೂಡಬಾರದೆಂಬ 1992ರ ರಿಯೋ ಘೋಷಣೆಯ (ವಿಶ್ವಸಂಸ್ಥೆಯ ಪರಿಸರ ಮತ್ತು ಅಭಿವೃದ್ಧಿ ಸಮ್ಮೇಳನದ ಘೋಷಣೆ) 15ನೇ ತತ್ವವನ್ನು ಉಲ್ಲೇಖಿಸಿ, ಎಲ್ಲ ಋತುಗಳ ಅಧ್ಯಯನ ಮುಗಿಯುವವರೆಗೆ ಅನುಮತಿ ನೀಡಬಾರದೆಂದು ಸ್ಪಷ್ಟವಾಗಿ ಬರೆಯಿರಿ.