ರಕ್ತದಾನ ಯಾರು ಮಾಡಬಹುದು, ಯಾರು ಮಾಡಬಾರದು?

ನಿಮ್ಮ ಪ್ರಶ್ನೆಯಲ್ಲಿ ಒಂದೇ ಮನೆಯ ಮೂವರಿದ್ದಾರೆ. ಕಾಲೇಜಿನ ಶಿಬಿರದಲ್ಲಿ ‘ರಕ್ತ ತೇಲುತ್ತಿದೆ, ಆಗುವುದಿಲ್ಲ’ ಎನಿಸಿಕೊಂಡು ಬಂದ 47 ಕಿಲೋ ತೂಕದ ನೀವು, ದಿನವೂ ಬಿ.ಪಿ. ಮಾತ್ರೆ ನುಂಗುವ 58ರ ತಂದೆ, ಈಚೆಗೆ ಹಚ್ಚೆ ಹಾಕಿಸಿಕೊಂಡ ತಮ್ಮ. ಮೂವರಲ್ಲಿ ಯಾರೂ ರಕ್ತ ಕೊಡುವಂತಿಲ್ಲವೇ ಎಂದು ಕೇಳಿದ್ದೀರಿ. ನಾನು ರಕ್ತನಿಧಿಯೊಂದರಲ್ಲಿ ತಂತ್ರಜ್ಞೆ. ಶಿಬಿರಗಳಲ್ಲಿ ದಾನಿಗಳ ಅರ್ಜಿ ಓದಿ ಬೆರಳು ಚುಚ್ಚುವ ಮೇಜು ನನ್ನದು. ನೀವು ಬರೆದಿರುವುದನ್ನು ನೋಡಿದರೆ, ಸದ್ಯಕ್ಕೆ ರಕ್ತ ಕೊಡುವ ಸಾಧ್ಯತೆ ಹೆಚ್ಚಿರುವುದು ನಿಮ್ಮ ತಂದೆಯವರಿಗೇ.

ಮಾತ್ರೆ ನುಂಗುವವರು ಕೊಡಬಾರದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ನಮ್ಮ ದೇಶದ ನಿಯಮ ಹಾಗೆ ಹೇಳುವುದಿಲ್ಲ. ಮೇಲಿನ ಒತ್ತಡ 100ರಿಂದ 140, ಕೆಳಗಿನದು 60ರಿಂದ 90 ಇದ್ದರೆ, ಮಾತ್ರೆ ನುಂಗಿಯೇ ಹಾಗಿದ್ದರೂ ಸರಿ. ಕಳೆದ 28 ದಿನಗಳಲ್ಲಿ ಮಾತ್ರೆಯನ್ನಾಗಲಿ ಅದರ ಪ್ರಮಾಣವನ್ನಾಗಲಿ ಬದಲಿಸಿರಬಾರದು, ಅಷ್ಟೇ. ಸಕ್ಕರೆ ಕಾಯಿಲೆಗೂ ಹೆಚ್ಚು ಕಡಿಮೆ ಇದೇ ಮಾತು: ಪಥ್ಯ ಅಥವಾ ಮಾತ್ರೆಯಿಂದ ಹತೋಟಿಯಲ್ಲಿದ್ದರೆ ಕೊಡಬಹುದು, ಇನ್ಸುಲಿನ್ ಚುಚ್ಚಿಕೊಳ್ಳುವವರು ಕೊಡುವಂತಿಲ್ಲ. ತಂದೆಯವರು ಈವರೆಗೆ ಕೊಟ್ಟೇ ಇಲ್ಲವಾದರೆ ಬೇಗ ಕರೆದುಕೊಂಡು ಹೋಗಿ. ಮೊದಲ ಬಾರಿ ಕೊಡುವವರಿಗೆ 60 ವರ್ಷದ ಮಿತಿಯಿದೆ. ಮೊದಲೇ ಕೊಟ್ಟು ರೂಢಿಯಿರುವವರು 65ರವರೆಗೂ ಕೊಡಬಹುದು.

ಇನ್ನು ನಿಮ್ಮ ವಿಷಯ. ನಿಮ್ಮ ತೂಕದಲ್ಲಿ ತೊಂದರೆಯಿಲ್ಲ. 45 ಕಿಲೋ ಇದ್ದರೆ 350 ಮಿ.ಲೀ. ತೆಗೆಯಬಹುದು, 450 ಮಿ.ಲೀ. ಚೀಲಕ್ಕೆ 55 ಕಿಲೋಗಿಂತ ಹೆಚ್ಚು ತೂಕ ಬೇಕು. ತೂಕದ ಪ್ರತಿ ಕಿಲೋಗೆ ಸುಮಾರು 8 ಮಿ.ಲೀ. ಮೀರದಂತೆ ತೆಗೆಯಬೇಕೆಂಬ ಲೆಕ್ಕ ಇದರ ಹಿಂದಿದೆ. ನಿಮ್ಮನ್ನು ತಡೆದದ್ದು ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ, ಕಬ್ಬಿಣವಿರುವ ಕೆಂಪು ಅಂಶ. ಶಿಬಿರದಲ್ಲಿ ನೀವು ಕಂಡ ಆ ನೀಲಿ ದ್ರಾವಣ ಮೈಲುತುತ್ತದ್ದು, ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುತ್ತಾರಲ್ಲ, ಅದೇ ಮೈಲುತುತ್ತ. ಅದರ ಸಾಂದ್ರತೆಯನ್ನು 1.053ಕ್ಕೆ ಹೊಂದಿಸಿಟ್ಟಿರುತ್ತೇವೆ. ಬೆರಳಿನಿಂದ ಬಿದ್ದ ಹನಿ ಸುಮಾರು 15 ಸೆಕೆಂಡಿನೊಳಗೆ ತಳ ಸೇರಿದರೆ ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ ಎಂದರ್ಥ. ತೇಲಿದರೆ, ಅರ್ಧದಲ್ಲೇ ತೂಗಾಡಿದರೆ, ಕಡಿಮೆ. ಎಷ್ಟು ಕಡಿಮೆ ಎಂಬುದನ್ನು ಆ ಹನಿ ಹೇಳುವುದಿಲ್ಲ. ಆದ್ದರಿಂದ ನೀವು ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ನಿಖರವಾದ ಅಂಕಿ ತಿಳಿದುಕೊಳ್ಳಿ. ಬೀಟ್‌ರೂಟ್ ರಸವನ್ನೇ ನಂಬಿ ಕೂರಬೇಡಿ. ಅದರ ಕೆಂಪು ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರೆ ಅದನ್ನು ಕಾಫಿ, ಚಹಾದ ಜೊತೆ ನುಂಗಬೇಡಿ, ನಿಂಬೆ ಪಾನಕದ ಜೊತೆ ನುಂಗಿ. ತೇಲಿದ ಹನಿಯನ್ನು ಕಂಡು ನಾಚಿ ಎದ್ದು ಹೋಗುವ ಹುಡುಗಿಯರನ್ನು ಪ್ರತಿ ಶಿಬಿರದಲ್ಲೂ ನೋಡುತ್ತೇನೆ, ಸಂಕಟವಾಗುತ್ತದೆ. ರಕ್ತಹೀನತೆ ಹೀಗೆ ಬಯಲಾದದ್ದೇ ಒಳ್ಳೆಯದು, ಅದಕ್ಕೆ ಚಿಕಿತ್ಸೆಯಿದೆ.

ನಿಮ್ಮ ತಮ್ಮ ಹಚ್ಚೆ ಹಾಕಿಸಿಕೊಂಡ ದಿನದಿಂದ 12 ತಿಂಗಳು ಕಾಯಬೇಕು. ಕಿವಿ, ಮೂಗು ಚುಚ್ಚಿಸಿಕೊಂಡವರಿಗೂ ಅಷ್ಟೇ. ‘ಹೇಗೂ ಪರೀಕ್ಷೆ ಮಾಡುತ್ತೀರಲ್ಲ?’ ಎಂದು ಹುಡುಗರು ವಾದ ಹೂಡುತ್ತಾರೆ. ಮಾಡುತ್ತೇವೆ. ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಆದರೆ ಸೋಂಕು ದೇಹಕ್ಕೆ ಹೊಕ್ಕ ಮೊದಲ ದಿನಗಳಲ್ಲಿ ಯಾವ ಯಂತ್ರವೂ ಅದನ್ನು ಹಿಡಿಯಲಾರದು. ಆ ಅವಧಿಯಲ್ಲಿ ರೋಗಿಯನ್ನು ಕಾಯುವುದು ದಾನಿ ಅರ್ಜಿಯಲ್ಲಿ ಬರೆದ ನಿಜವೊಂದೇ. ಒಂದು ಚೀಲವನ್ನು ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸಿದರೆ ಮೂವರಿಗೆ ಹೋಗುತ್ತದೆ. ಅದರಲ್ಲೊಬ್ಬರು ಥಲಸ್ಸೀಮಿಯಾ ಇರುವ ಮಗುವಾಗಿರಬಹುದು. ಅಂಥ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಬೇಕು. ಗೆಳೆಯರ ಮುಂದೆ ಹೇಳಲು ಮುಜುಗರವಾದರೆ ವೈದ್ಯರನ್ನು ಪಕ್ಕಕ್ಕೆ ಕರೆದು ಹೇಳಿ, ಅಥವಾ ಏನೂ ಹೇಳದೆ ಹೊರಟುಹೋಗಿ. ಸುಳ್ಳು ಮಾತ್ರ ಬರೆಯಬೇಡಿ.

ನಮ್ಮಲ್ಲಿ ವಾಪಸು ಹೋಗುವವರಲ್ಲಿ ಬಹುಪಾಲು ಜನ ಹೀಗೆ ಕೆಲಕಾಲ ಕಾಯಬೇಕಾದವರೇ. ಮಲೇರಿಯಾ ಬಂದು ವಾಸಿಯಾದ ಮೇಲೆ 3 ತಿಂಗಳು, ಡೆಂಗಿ, ಚಿಕೂನ್‌ಗುನ್ಯಾ ಆದರೆ 6 ತಿಂಗಳು, ಟೈಫಾಯಿಡ್ ಆದರೆ 12 ತಿಂಗಳು. ಹಲ್ಲು ಕೀಳಿಸಿದ್ದರೆ 6 ತಿಂಗಳು. ನಾಯಿ ಕಚ್ಚಿ ಚುಚ್ಚುಮದ್ದು ಪಡೆದಿದ್ದರೆ ಒಂದು ವರ್ಷ. ಹೆರಿಗೆಯಾದ ಮೇಲೆ 12 ತಿಂಗಳು, ಮಗುವಿಗೆ ಎದೆಹಾಲು ಕುಡಿಸುವಷ್ಟು ಕಾಲವೂ ರಕ್ತ ಕೊಡುವುದು ಬೇಡ. ಕಾಮಾಲೆ ಮಾತ್ರ ತುಸು ಜಟಿಲ. ಅದು ಹೆಪಟೈಟಿಸ್ ಎ ಅಥವಾ ಇ ಎಂದು ದಾಖಲೆಯಿದ್ದರೆ ವಾಸಿಯಾದ ವರ್ಷದ ನಂತರ ಕೊಡಬಹುದು. ಬಿ, ಸಿ ಆಗಿದ್ದರೆ, ಯಾವುದೆಂದೇ ಗೊತ್ತಿಲ್ಲದಿದ್ದರೆ, ಎಂದಿಗೂ ಕೊಡುವಂತಿಲ್ಲ. ನಾಟಿ ಮದ್ದು ತಿಂದು ಗುಣವಾದವರ ಬಳಿ ಯಾವ ಚೀಟಿಯೂ ಇರುವುದಿಲ್ಲ, ಹೀಗಾಗಿ ಕೊಡಬಹುದಾದವರನ್ನೂ ಕಳೆದುಕೊಳ್ಳುತ್ತೇವೆ.

ಹೃದ್ರೋಗ, ಕ್ಯಾನ್ಸರ್, ಮೂರ್ಛೆರೋಗ, ಎಚ್‌ಐವಿ ಇರುವವರು ಶಾಶ್ವತವಾಗಿ ಕೊಡಬಾರದು. ತೃತೀಯ ಲಿಂಗಿಗಳನ್ನೂ ಸಲಿಂಗಿ ಪುರುಷರನ್ನೂ ಸಾರಾಸಗಟಾಗಿ ಹೊರಗಿಟ್ಟ 2017ರ ಮಾರ್ಗಸೂಚಿ ನನಗೆ ಒಪ್ಪಿಗೆಯಿಲ್ಲ. ಕೇಳಬೇಕಾದದ್ದು ಒಬ್ಬೊಬ್ಬರ ನಡವಳಿಕೆಯನ್ನು, ಅವರ ಗುರುತನ್ನಲ್ಲ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ.

ಕೊಡುವ ದಿನ ಉಪವಾಸ ಇರಬೇಡಿ, ಏಕಾದಶಿಯಾಗಲಿ ರಂಜಾನ್ ಆಗಲಿ ಬೇರೆ ದಿನ ಬನ್ನಿ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬರುವುದೂ ಬೇಡ. ಒಮ್ಮೆ ಕೊಟ್ಟ ಮೇಲೆ ಮುಂದಿನ ದಾನಕ್ಕೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು. ಮನೆಗೆ ಹೋದ ಮೇಲೆ ಜ್ವರ ಬಂದರೆ, ಅಥವಾ ಅರ್ಜಿಯಲ್ಲಿ ಬರೆಯಲು ಮರೆತದ್ದೇನಾದರೂ ನೆನಪಾದರೆ, ತಡಮಾಡದೆ ರಕ್ತನಿಧಿಗೆ ಫೋನ್ ಮಾಡಿ. ಚೀಲದ ಮೇಲೆ ಸಂಖ್ಯೆಯಿರುತ್ತದೆ. ರೋಗಿಗೆ ಹೋಗುವ ಮುನ್ನ ಅದನ್ನು ಹುಡುಕಿ ಪಕ್ಕಕ್ಕಿಡುತ್ತೇವೆ. ಅಂಥ ಕರೆಗೆ ಯಾರೂ ನಿಮ್ಮನ್ನು ಬೈಯುವುದಿಲ್ಲ.