ತಮ್ಮನ ಕಾಯಿಲೆಗೆ ಅಕ್ಕನ ಡಿಎನ್‌ಎ ಟೆಸ್ಟ್ ಏಕೆ?

ಮನೋರೋಗ ಮತ್ತು ವಂಶವಾಹಿಗಳ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನನಗೆ 31 ವರ್ಷ. ತಮ್ಮನಿಗೆ ಐದು ವರ್ಷದಿಂದ ಸ್ಕಿಜೋಫ್ರೇನಿಯಾ, ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಡಿಎನ್‌ಎ ಟೆಸ್ಟ್ ಮಾಡಿಸಿ ರಿಪೋರ್ಟ್ ಕೊಡಿ ಎನ್ನುತ್ತಿದ್ದಾರೆ. ಈ ರಗಳೆಯೇ ಬೇಡ, ಸೋದರಮಾವನ ಮಗನಿಗೆ ಕೊಟ್ಟುಬಿಡೋಣ ಎನ್ನುತ್ತಾರೆ ಅಮ್ಮ. ಏನು ಮಾಡಲಿ?
– ದಾವಣಗೆರೆಯ ಓದುಗರು

ಉತ್ತರ: ಆ ಟೆಸ್ಟ್ ಮಾಡಿಸಬೇಡಿ. ಅವರು ಕೇಳುತ್ತಿರುವ ಪ್ರಶ್ನೆಗೆ ಉತ್ತರ ಕೊಡುವ ಟೆಸ್ಟ್ ಯಾವ ಲ್ಯಾಬಿನಲ್ಲೂ ಇಲ್ಲ. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 76,755 ಸ್ಕಿಜೋಫ್ರೇನಿಯಾ ರೋಗಿಗಳ ಡಿಎನ್‌ಎಯನ್ನು ಕಾಯಿಲೆ ಇಲ್ಲದ 2,43,649 ಜನರ ಡಿಎನ್‌ಎ ಜೊತೆ ಹೋಲಿಸಿತು. ಕಾಯಿಲೆಗೆ ನಂಟಿರುವ 287 ಜಾಗಗಳು ಸಿಕ್ಕವು. ಒಂದೊಂದರ ಪಾಲೂ ಸಾಸಿವೆ ಕಾಳಿನಷ್ಟು. ಅವನ್ನೆಲ್ಲ ಕೂಡಿ ಒಂದು ಅಂಕ ಹಾಕಬಹುದು ನಿಜ. ಆದರೆ ಆ ಲೆಕ್ಕ ಹುಟ್ಟಿದ್ದು ಬಹುಪಾಲು ಯೂರೋಪ್ ಮೂಲದವರ ಡಿಎನ್‌ಎಯಿಂದ. ನಮ್ಮವರಿಗೆ ಅದು ಸರಿಯಾಗಿ ಕೂರುವುದಿಲ್ಲ.

ಟೆಸ್ಟಿಗಿಂತ ಕುಟುಂಬಗಳ ಅಧ್ಯಯನದ ಅಂಕಿಗಳೇ ನಿಮಗೆ ಹೆಚ್ಚು ಹೇಳುತ್ತವೆ. ಯಾರಿಗೇ ಆದರೂ ಜೀವಮಾನದಲ್ಲಿ ಈ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 1. ಒಡಹುಟ್ಟಿದವರಿಗೆ ಬಂದಿದ್ದರೆ ಸುಮಾರು 9. ಆದರೆ ಈ 9 ಹುಟ್ಟಿನಿಂದ ಸಾವಿನವರೆಗಿನ ಲೆಕ್ಕ. ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿನೈದರಿಂದ ಮೂವತ್ತೈದರೊಳಗೆ. 31ರವರೆಗೆ ಆರೋಗ್ಯವಾಗಿರುವ ನಿಮಗೆ ಅದರಲ್ಲಿ ಬಹುಪಾಲು ಕಳೆದೇ ಹೋಗಿದೆ. ನಿಮ್ಮ ಮಕ್ಕಳು ನಿಮ್ಮ ತಮ್ಮನಿಗೆ ಸೋದರಳಿಯ, ಸೊಸೆ ಆಗುತ್ತಾರೆ. ಅವರಿಗೆ ನೂರಕ್ಕೆ 3–4. ಒಂದೇ ಡಿಎನ್‌ಎ ಹಂಚಿಕೊಂಡ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಕಡಿಮೆ ಸಲ. ಗಂಡಿನ ಕಡೆಯವರಿಗೆ ಈ ಅಂಕಿಗಳನ್ನೇ ಹೇಳಿ.

ಟೆಸ್ಟ್ ಮಾಡುವುದೇ ಆದರೆ ಮೊದಲು ಕಾಯಿಲೆ ಇರುವವರಿಗೆ ಮಾಡಬೇಕು. ಅವರಲ್ಲಿ ದೋಷ ಸಿಗದಿದ್ದರೆ ಆರೋಗ್ಯವಂತರಲ್ಲಿ ಹುಡುಕುವುದು ಕತ್ತಲೆಯಲ್ಲಿ ತಡಕಾಡಿದಂತೆ. ತಮ್ಮನಿಗೆ ಹುಟ್ಟಿನಿಂದಲೇ ಹೃದಯದ ದೋಷ, ಸೀಳು ಅಂಗುಳ, ಮೂಗಿನಲ್ಲಿ ಮಾತು, ಕ್ಯಾಲ್ಸಿಯಂ ಕೊರತೆಯ ಫಿಟ್ಸ್ ಅಥವಾ ಕಲಿಕೆಯಲ್ಲಿ ತೀರಾ ಹಿಂದುಳಿಯುವಿಕೆ ಇತ್ತೆ? ಇದ್ದರೆ 22ನೇ ಕ್ರೋಮೋಸೋಮಿನ ಒಂದು ತುಣುಕು ಬಿಟ್ಟುಹೋಗಿರುವ ಸಾಧ್ಯತೆ ಇದೆ. ಅದಿರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬರುತ್ತದೆ. ಕ್ರೋಮೋಸೋಮಲ್ ಮೈಕ್ರೋಅರೇ ಎಂಬ ಪರೀಕ್ಷೆ ಅದನ್ನು ಹಿಡಿಯುತ್ತದೆ. ತಮ್ಮನಲ್ಲಿ ಅದು ಸಿಕ್ಕರೆ ಮಾತ್ರ ನಿಮ್ಮ ರಕ್ತ ನೋಡುವುದಕ್ಕೆ ಅರ್ಥವಿದೆ.

ಇನ್ನು ಅಮ್ಮನ ಮಾತು. ಸೋದರಮಾವನ ಮಗನೂ ನೀವೂ ಒಬ್ಬರೇ ಅಜ್ಜ-ಅಜ್ಜಿಯ ಮೊಮ್ಮಕ್ಕಳು. ತಾಯಿಯ ತವರಿನಿಂದ ಬಂದ ಅಪಾಯವೇನಾದರೂ ಇದ್ದರೆ ಮಗುವಿಗೆ ಅದು ಎರಡೂ ಕಡೆಯಿಂದ ಸೇರುತ್ತದೆ. ಹೊರಸಂಬಂಧ ಬಿಟ್ಟು ಒಳಸಂಬಂಧಕ್ಕೆ ಹೋದರೆ ಹೊರೆ ಹೆಚ್ಚಬಹುದು, ಇಳಿಯುವುದಂತೂ ಇಲ್ಲ. ಮದುವೆಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಒಮ್ಮೆ ಹೋಗಿಬನ್ನಿ. ಹೋಗುವಾಗ ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳಿ. ಯಾರಿಗೆ ಯಾವ ವಯಸ್ಸಿನಲ್ಲಿ ಏನು ಶುರುವಾಯಿತು, ಆತ್ಮಹತ್ಯೆ, ಕುಡಿತ, ಮೂರ್ಛೆ, ಸತ್ತು ಹುಟ್ಟಿದ ಮಕ್ಕಳು, ಎಲ್ಲವೂ ಅದರಲ್ಲಿರಲಿ. ಮನೆಯವರು ಮುಚ್ಚಿಡುವ ವಿಷಯಗಳೇ ಅಲ್ಲಿ ಬೇಕಾಗುವುದು.

ಪ್ರಶ್ನೆ: ಖಿನ್ನತೆಗೆ ಎಸಿಟಲೋಪ್ರಾಮ್ 10 ಮಿ.ಗ್ರಾಂ, ಗ್ಯಾಸ್ಟ್ರಿಕ್‌ಗೆ ಒಮೆಪ್ರಝೋಲ್ ತೆಗೆದುಕೊಳ್ಳುತ್ತಿದ್ದೇನೆ. ನಿದ್ದೆ, ಊಟ ಸರಿಹೋಗಿವೆ. ಮಗ ದುಬಾರಿ ಡಿಎನ್‌ಎ ಪ್ಯಾನೆಲ್ ಮಾಡಿಸಿದ. ಅದರಲ್ಲಿ ‘ಸಿವೈಪಿ2ಸಿ19 *1/*2’ ಎಂದಿದೆ, ಎಸಿಟಲೋಪ್ರಾಮ್‌ಗೆ ಹಳದಿ ಬಣ್ಣ ಹಾಕಿದ್ದಾರೆ. ‘ಎಂಟಿಎಚ್ಎಫ್ಆರ್ ದೋಷ’ ಎಂದೂ ಬಂದಿದೆ. ಮಾತ್ರೆ ನಿಲ್ಲಿಸಬೇಕೆ?
– ಶಿವಮೊಗ್ಗದ ಓದುಗರು

ಉತ್ತರ: ನಿಲ್ಲಿಸಬೇಡಿ. ಮಾತ್ರೆ ನಿಮಗೆ ಹಿಡಿಸಿದೆ, ಆ ಸಾಕ್ಷಿ ಕಾಗದದ ಬಣ್ಣಕ್ಕಿಂತ ದೊಡ್ಡದು. ದಿಢೀರನೆ ಬಿಟ್ಟರೆ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು, ಕಿರಿಕಿರಿ ಶುರುವಾಗಬಹುದು.

ಸಿವೈಪಿ2ಸಿ19 ಎಂಬುದು ಈ ಮಾತ್ರೆಯನ್ನು ಲಿವರಿನಲ್ಲಿ ಕರಗಿಸುವ ಕಿಣ್ವ. ಅದರ ಜೀನಿನ ಎರಡು ಪ್ರತಿಗಳಲ್ಲಿ ನಿಮ್ಮದು ಒಂದು ಕೆಲಸ ಮಾಡುತ್ತದೆ, ಒಂದು ಮಾಡುವುದಿಲ್ಲ. ಭಾರತದಲ್ಲಿ ಇದು ತೀರಾ ಸಾಮಾನ್ಯ, ಇಂಥವರು ಮಾಮೂಲಿ ಡೋಸಿನಲ್ಲೇ ಶುರು ಮಾಡಬಹುದು. ‘*2/*2’ ಆಗಿದ್ದರೆ, ಅಂದರೆ ಎರಡೂ ಪ್ರತಿ ಕೆಟ್ಟಿದ್ದರೆ, ಅರ್ಧ ಡೋಸಿನಲ್ಲಿ ಶುರು ಮಾಡುವುದು ಅಥವಾ ಬೇರೆ ಔಷಧ ಆಯುವುದು ರೂಢಿ.

ರಿಪೋರ್ಟಿನಲ್ಲಿ ಕಾಣದ ಸಂಗತಿ ನಿಮ್ಮ ಒಮೆಪ್ರಝೋಲ್. ಅದು ಇದೇ ಕಿಣ್ವವನ್ನು ತಡೆಯುತ್ತದೆ. ಅರ್ಧ ಕಿಣ್ವ ಇರುವವರು ಇದನ್ನೂ ನುಂಗಿದರೆ ಎಸಿಟಲೋಪ್ರಾಮ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ವಾಕರಿಕೆ, ಬೆವರು, ನಡುಕ ಇದ್ದರೆ ಡಾಕ್ಟರಿಗೆ ಹೇಳಿ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಪ್ಯಾಂಟೊಪ್ರಝೋಲ್‌ಗೆ ಬದಲಾಯಿಸಬಹುದೇ ಎಂದು ಕೇಳಿ, ಆ ಕಿಣ್ವಕ್ಕೆ ಅದರ ತಡೆ ಕಡಿಮೆ. ವಯಸ್ಸು 60 ದಾಟಿದ್ದರೆ ಅಥವಾ ಹೃದಯದ ತೊಂದರೆ ಇದ್ದರೆ ಒಂದು ಇಸಿಜಿ ಆಗಲಿ. ಎಂಟಿಎಚ್ಎಫ್ಆರ್ ಎಂಬುದು ಫೋಲಿಕ್ ಆಮ್ಲದ ಬಳಕೆಗೆ ಸಂಬಂಧಿಸಿದ ಜೀನ್, ಆ ಸಾಲನ್ನು ಮರೆತುಬಿಡಿ. ಅದನ್ನು ನೋಡಿ ಖಿನ್ನತೆಯ ಔಷಧ ಬದಲಿಸಬೇಕಿಲ್ಲ.

ಇಂಥ ಪ್ಯಾನೆಲ್ ಎಲ್ಲರಿಗೂ ಬೇಕೆಂದು ನಮಗೆ ಅನ್ನಿಸುವುದಿಲ್ಲ. ಅಮೆರಿಕದಲ್ಲಿ 1,944 ಮಾಜಿ ಸೈನಿಕರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟೆಸ್ಟ್ ನೋಡಿ ಔಷಧ ಕೊಟ್ಟವರಲ್ಲಿ ಗುಣವಾದವರು ತುಸು ಹೆಚ್ಚಿದ್ದರು, 24ನೇ ವಾರದ ಹೊತ್ತಿಗೆ ಆ ವ್ಯತ್ಯಾಸವೂ ಉಳಿಯಲಿಲ್ಲ. ಸಣ್ಣ ಡೋಸಿಗೇ ಎರಡು ಮೂರು ಔಷಧಗಳು ಮೈಗೆ ಒಗ್ಗದವರಿಗೆ ಮಾಡಿಸಿದರೆ ಉಪಯೋಗವಾದೀತು.

ಪ್ರಶ್ನೆ: ನಮ್ಮ ಯಜಮಾನರಿಗೆ ಬೈಪೋಲಾರ್ (ಅತಿ ಉತ್ಸಾಹ, ಅತಿ ಖಿನ್ನತೆಗಳ ನಡುವೆ ತೂಗಾಡುವ ಕಾಯಿಲೆ), ಎಂಟು ವರ್ಷದಿಂದ ಲಿಥಿಯಂ ಮಾತ್ರೆ. ಯಾವಾಗಲೂ ರಕ್ತದಲ್ಲಿ 0.7 ಇರುತ್ತಿತ್ತು. ಈ ತಿಂಗಳು ಬೇರೆ ಲ್ಯಾಬಿನಲ್ಲಿ 2.4 ಬಂತು. ಮೈಯಲ್ಲಿ ಏನೂ ತೊಂದರೆ ಇಲ್ಲ, ಆದರೂ ಭಯವಾಗಿದೆ.
– ಹಾಸನದ ಓದುಗರು

ಉತ್ತರ: 2.4 ನಿಜವಾಗಿದ್ದರೆ ಅವರು ಆಸ್ಪತ್ರೆಯಲ್ಲಿರಬೇಕಿತ್ತು. ಮುಂದಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ ಮತ್ತೆ ರಕ್ತ ಕೊಡಿ. ಕೊಡುವಾಗ ಟ್ಯೂಬಿನ ಮುಚ್ಚಳದ ಬಣ್ಣ ನೋಡಿ. ಹಸಿರು ಮುಚ್ಚಳದ ಟ್ಯೂಬುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಚ್ಚಿರುತ್ತಾರೆ. ಎಷ್ಟೋ ಟ್ಯೂಬುಗಳಲ್ಲಿ ಅದು ಲಿಥಿಯಂ ಹೆಪಾರಿನ್, ಚೀಟಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಆ ಲಿಥಿಯಂ ರಕ್ತದಲ್ಲಿ ಕರಗಿ ಲೆಕ್ಕಕ್ಕೆ ಸೇರುತ್ತದೆ. ಲಿಥಿಯಂ ಮಾತ್ರೆಯನ್ನೇ ನುಂಗದವರ ರಕ್ತದಲ್ಲೂ ಹೀಗೆ 1ಕ್ಕಿಂತ ಹೆಚ್ಚು ತೋರಿಸಬಹುದು. ಟ್ಯೂಬಿಗೆ ರಕ್ತ ಕಡಿಮೆ ತುಂಬಿದಷ್ಟೂ ಸುಳ್ಳು ದೊಡ್ಡದಾಗುತ್ತದೆ. ಈ ಪರೀಕ್ಷೆಗೆ ಕೆಂಪು ಮುಚ್ಚಳದ ಸಾದಾ ಟ್ಯೂಬ್ ಬೇಕು.

ಎರಡನೆಯ ತಪ್ಪು ಹೊತ್ತಿನದು. ಕೊನೆಯ ಮಾತ್ರೆಯಿಂದ 12 ಗಂಟೆಗೆ ರಕ್ತ ತೆಗೆಯಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆಯೇ. ಡೋಸ್ ಬದಲಿಸಿದ್ದರೆ ಐದರಿಂದ ಏಳು ದಿನ ಕಾಯಬೇಕು.

ನಿಜವಾಗಿಯೇ ಏರುವುದೂ ಉಂಟು. ಕಿಡ್ನಿ ಲಿಥಿಯಂ ಅನ್ನು ಉಪ್ಪಿನ ಸೋಡಿಯಂನಂತೆಯೇ ಕಾಣುತ್ತದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದಾಗ ಎರಡನ್ನೂ ಹಿಡಿದಿಡುತ್ತದೆ. ಹಾಗಾಗಿ ವಾಂತಿ-ಭೇದಿ, ಬೇಸಿಗೆಯ ಹೊಲದ ಕೆಲಸ, ನೀರೂ ಕುಡಿಯದ ಉಪವಾಸ, ಇದ್ದಕ್ಕಿದ್ದಂತೆ ಉಪ್ಪು ಬಿಟ್ಟ ಪಥ್ಯ ಇವು ಅಪಾಯ. ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮತ್ತು ಬಿಪಿಯ ರಾಮಿಪ್ರಿಲ್, ಲೊಸಾರ್ಟನ್, ಹೈಡ್ರೋಕ್ಲೋರೋಥಯಝೈಡ್ ಕೂಡ ಮಟ್ಟ ಏರಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕೈ ಜೋರಾಗಿ ನಡುಗಿ ಲೋಟ ತುಳುಕಿದರೆ, ನಾಲಿಗೆ ತೊದಲಿದರೆ, ನಡಿಗೆ ತೂರಾಡಿದರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಮಟ್ಟ ಸರಿಯಿದ್ದರೂ ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಕಿಡ್ನಿಗೆ), ಟಿಎಸ್ಎಚ್ (ಥೈರಾಯ್ಡ್‌ಗೆ), ಕ್ಯಾಲ್ಸಿಯಂ ಪರೀಕ್ಷೆ ತಪ್ಪಿಸಬೇಡಿ.

ಪ್ರಶ್ನೆ: ಕಾರ್ಬಮಝೆಪಿನ್ ಶುರು ಮಾಡುವ ಮೊದಲು ಜೀನ್ ಟೆಸ್ಟ್ ಬರೆದುಕೊಟ್ಟಿದ್ದಾರೆ. ಬೇಕೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಮೂರ್ಛೆಗೂ ಬೈಪೋಲಾರ್‌ಗೂ ಕೊಡುವ ಈ ಮಾತ್ರೆಗೆ ಆ ಟೆಸ್ಟ್ ಬೇಕಾದದ್ದೇ. ಎಚ್ಎಲ್ಎ-ಬಿ*15:02 ಎಂಬ ಜೀನ್ ರೂಪ ಇರುವವರಿಗೆ ಈ ಮಾತ್ರೆಯಿಂದ ಚರ್ಮವೇ ಸುಲಿದುಬರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬರಬಹುದು. ನಂಟು 2004ರಲ್ಲಿ ತೈವಾನಿನಲ್ಲಿ ಸಿಕ್ಕಿತು, ಭಾರತದ ರೋಗಿಗಳಲ್ಲೂ ಆಮೇಲೆ ಕಂಡಿದೆ. ಪಾಸಿಟಿವ್ ಬಂದರೆ ಆ ಮಾತ್ರೆ ಬೇಡ. ನೆಗೆಟಿವ್ ಬಂದರೂ ಮೊದಲ ಎರಡು ತಿಂಗಳು ಎಚ್ಚರವಿರಲಿ. ಜ್ವರ, ಕಣ್ಣುರಿ, ಬಾಯಿಹುಣ್ಣು, ಮೈಮೇಲೆ ಗಂಧೆ ಕಂಡ ದಿನವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಮಗಳಿಗೆ 16. ಒಂದು ವರ್ಷದಿಂದ ವಿಪರೀತ ಸಿಟ್ಟು, ಅಳು, ಕೈಬರಹ ಕೆಟ್ಟಿದೆ, ಮಾತು ಅಸ್ಪಷ್ಟ. ನಮ್ಮದು ಸೋದರಮಾವನ ಜೊತೆಗಿನ ಮದುವೆ.
– ವಿಜಯಪುರದ ಓದುಗರು

ಉತ್ತರ: ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ, ‘ವಿಲ್ಸನ್ ಕಾಯಿಲೆ ಇರಬಹುದೇ’ ಎಂದು ಕೇಳಿ. ಒಂದೇ ಜೀನಿನ ಎರಡೂ ಪ್ರತಿ ಕೆಟ್ಟಾಗ ತಾಮ್ರ ಹೊರಹೋಗದೆ ಲಿವರ್, ಮಿದುಳಿನಲ್ಲಿ ಕೂರುತ್ತದೆ. ರಕ್ತಸಂಬಂಧದ ಮದುವೆಗಳಲ್ಲಿ ಇದು ಹೆಚ್ಚು. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಡಾಕ್ಟರರ ಸ್ಲಿಟ್ ಲ್ಯಾಂಪಿನಲ್ಲಿ ಕರಿಗುಡ್ಡೆಯ ಅಂಚಿನ ಕಂದು ಬಳೆ, ಈ ಮೂರನ್ನು ನೋಡುತ್ತಾರೆ. ಮೂತ್ರವನ್ನು ಲ್ಯಾಬ್ ಕೊಟ್ಟ ಕ್ಯಾನಿನಲ್ಲೇ ಹಿಡಿಯಿರಿ, ಮನೆಯ ತಾಮ್ರದ ಚೊಂಬು, ತಂಬಿಗೆ ತಾಗಿಸಬೇಡಿ. ವಿಲ್ಸನ್ ಎಂದಾದರೆ ಔಷಧವಿದೆ, ಬೇಗ ಶುರುವಾದಷ್ಟೂ ಒಳ್ಳೆಯದು. ಒಡಹುಟ್ಟಿದವರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುವುದರಿಂದ, ಲಕ್ಷಣ ಇಲ್ಲದಿದ್ದರೂ ಅವರನ್ನೂ ಪರೀಕ್ಷಿಸಬೇಕಾಗುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂವರಿಗೆ ಬೈಪೋಲಾರ್. ಸಂಶೋಧನೆಗೆಂದು ಎಲ್ಲರ ರಕ್ತ ಕೇಳಿದ್ದಾರೆ, ಆರೋಗ್ಯವಾಗಿರುವ ನನ್ನದೂ. ಕೊಟ್ಟರೆ ನಮಗೇನು ಸಿಗುತ್ತದೆ?
– ಬೆಂಗಳೂರಿನ ಓದುಗರು

ಉತ್ತರ: ನಿಮ್ಮ ಕೈಗೆ ರಿಪೋರ್ಟ್ ಸಿಗುತ್ತದೆಂದು ಕೊಡಬೇಡಿ, ಸಾಮಾನ್ಯವಾಗಿ ಸಿಗುವುದಿಲ್ಲ. ಆದರೂ ಕೊಡಿ ಎಂದೇ ನಮ್ಮ ಸಲಹೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಮತ್ತು ಎನ್‌ಸಿಬಿಎಸ್, ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು ಸೇರಿ ಇಂಥ ಕುಟುಂಬಗಳ ಅಧ್ಯಯನ ನಡೆಸಿವೆ. ರಕ್ತದ ಜೀವಕೋಶಗಳನ್ನು ಹಿಂದಕ್ಕೆ ತಿರುಗಿಸಿ, ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶ ಮಾಡುತ್ತಾರೆ, ಅದರಿಂದ ತಟ್ಟೆಯಲ್ಲಿ ನರಕೋಶ ಬೆಳೆಸುತ್ತಾರೆ. ಬದುಕಿರುವವರ ಮಿದುಳನ್ನು ಕತ್ತರಿಸಿ ನೋಡಲಾಗದ್ದಕ್ಕೆ ಇದೊಂದು ದಾರಿ. ಒಂದೇ ಮನೆಯ ಆರೋಗ್ಯವಂತರ ಕೋಶ ಪಕ್ಕದಲ್ಲಿದ್ದರೆ ಕಾಯಿಲೆಯ ವ್ಯತ್ಯಾಸ ಎದ್ದು ಕಾಣುತ್ತದೆ, ಹಾಗಾಗಿ ನಿಮ್ಮದೂ ಬೇಕು. 2015ರಲ್ಲಿ ಅಮೆರಿಕದ ತಂಡವೊಂದು ಹೀಗೆ ಬೆಳೆಸಿದ ಬೈಪೋಲಾರ್ ರೋಗಿಗಳ ನರಕೋಶಗಳು ಅತಿಯಾಗಿ ಉದ್ರೇಕಗೊಳ್ಳುವುದನ್ನು ಕಂಡಿತು. ಲಿಥಿಯಂ ಹಾಕಿದಾಗ ಅವು ಶಾಂತವಾದದ್ದು ಲಿಥಿಯಂನಿಂದ ಗುಣ ಕಂಡವರ ಕೋಶಗಳಲ್ಲಿ ಮಾತ್ರ. ಯಾರಿಗೆ ಲಿಥಿಯಂ ಹಿಡಿಸುತ್ತದೆ ಎಂದು ಮೊದಲೇ ತಿಳಿಯುವ ಆಸೆ ಇರುವುದು ಇಂಥ ಕೆಲಸದ ಮೇಲೆ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ ಪಡೆದು, ಮನೆಗೆ ತಂದು ಓದಿ. ಮಾದರಿಯ ಮೇಲೆ ಹೆಸರಿರುತ್ತದೋ ಸಂಕೇತ ಸಂಖ್ಯೆಯೋ, ಎಷ್ಟು ವರ್ಷ ಇಡುತ್ತಾರೆ, ಹೊರದೇಶಕ್ಕೆ ಅಥವಾ ಕಂಪನಿಗೆ ಹೋಗುತ್ತದೋ, ಬೇರೆ ಗಂಭೀರ ದೋಷ ಕಣ್ಣಿಗೆ ಬಿದ್ದರೆ ತಿಳಿಸುತ್ತಾರೋ ಎಂದು ಕೇಳಿ. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸರಿದರೂ ಚಿಕಿತ್ಸೆ ನಿಲ್ಲದು ಎಂಬ ಸಾಲು ಆ ಪತ್ರದಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಸಹಿ ಹಾಕಬೇಡಿ.