ಬೀಚ್ ಬಿಟ್ಟರೆ ಮಾರಿಷಸ್‌ನಲ್ಲಿ ಏನಿದೆ?

ಪ್ರಶ್ನೆ: ಮೇ ತಿಂಗಳಲ್ಲಿ ಅಪ್ಪ, ಅಮ್ಮನ ಜೊತೆ ಐದು ದಿನ ಮಾರಿಷಸ್‌ಗೆ ಹೊರಟಿದ್ದೇವೆ. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿ ತುಂಬಾ ಬೀಚು, ಬೋಟು, ಮತ್ತೆ ಬೀಚು. ಅಮ್ಮನಿಗೆ ಮಂಡಿ ನೋವು, ನೀರು ಅಂದರೆ ಭಯ. ನಾವು ಸಸ್ಯಾಹಾರಿಗಳು. ನಮ್ಮಂಥವರಿಗೆ ಅಲ್ಲಿ ನೋಡೋದಕ್ಕೆ ಏನಾದರೂ ಇದೆಯಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಕಾದಷ್ಟಿದೆ. ಮೊದಲು ಆ ಪಟ್ಟಿಯಿಂದ ಒಂದು ದಿನದ ಬೋಟು ತೆಗೆಸಿ, ಆ ದಿನವನ್ನು ರಾಜಧಾನಿ ಪೋರ್ಟ್ ಲೂಯಿಗೆ ಕೊಡಿ. ಕೆಲಸದ ದಿನವೇ ಆಗಲಿ, ಭಾನುವಾರ ಬೇಡ.

ಅಲ್ಲಿ ಬಂದರಿನ ಪಕ್ಕದಲ್ಲಿ ಅಪ್ರವಾಸಿ ಘಾಟ್ ಇದೆ, ಹಿಂದೆ ವಲಸೆ ಬಂದ ಕೂಲಿಗಳು ಹಡಗಿನಿಂದ ಇಳಿಯುತ್ತಿದ್ದ ಜಾಗ. ಗುಲಾಮಗಿರಿ ನಿಲ್ಲುವ ಹೊತ್ತಿಗೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಬ್ರಿಟಿಷರು 1834ರಿಂದ ಕರಾರು ಬರೆಸಿಕೊಂಡು ಕೂಲಿಗಳನ್ನು ಹಡಗಿನಲ್ಲಿ ತರಿಸಿದರು. 1920ರವರೆಗೆ ಹಾಗೆ ಬಂದವರು ಸುಮಾರು ಐದು ಲಕ್ಷ ಜನ, ಹೆಚ್ಚಿನವರು ನಮ್ಮ ದೇಶದವರೇ. ಹಡಗಿನಿಂದ ಇಳಿದವರು ಹತ್ತಿದ ಕಲ್ಲಿನ ಮೆಟ್ಟಿಲು ಇವತ್ತಿಗೂ ಇದೆ. ಕೆಲವೇ ಮೆಟ್ಟಿಲು, ಅಷ್ಟೇ. ಫೋಟೋದಲ್ಲಿ ನೋಡಿದರೆ ಏನೂ ಅನ್ನಿಸುವುದಿಲ್ಲ, ಆದರೆ ಎದುರಿಗೆ ನಿಂತು, ವಾರಗಟ್ಟಲೆ ಸಮುದ್ರದ ಮೇಲಿದ್ದು ಗಂಟು ಹೊತ್ತು ಇಳಿದವರು ಕಾಲಿಟ್ಟಿದ್ದು ಇಲ್ಲೇ ಅಂತ ನೆನೆದಾಗ ನನಗೆ ಗಂಟಲು ಕಟ್ಟಿತ್ತು. ಈಗ ಆ ದೇಶದ ಮೂರರಲ್ಲಿ ಎರಡು ಪಾಲು ಜನ ಭಾರತ ಮೂಲದವರು. ಭೋಜಪುರಿ, ತಮಿಳು, ತೆಲುಗು, ಮರಾಠಿ ಮನೆಗಳಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಇದನ್ನು ಮೊದಲ ದಿನವೇ ನೋಡಿಬಿಟ್ಟರೆ ಆಮೇಲೆ ಕಾಣುವ ಪ್ರತಿ ಕಬ್ಬಿನ ಗದ್ದೆಯೂ ಬೇರೆ ಥರ ಕಾಣುತ್ತದೆ.

ಊಟದ ಚಿಂತೆ ಬಿಡಿ. ಘಾಟ್‌ನಿಂದ ಮಾರ್ಕೆಟ್ ಹತ್ತಿರ. ಅಲ್ಲಿ ಬೀದಿಬದಿಯಲ್ಲಿ 'ದಾಲ್ ಪೂರಿ' ಮಾರುತ್ತಾರೆ. ಪೂರಿ ಅಂದರೂ ಕರಿದದ್ದಲ್ಲ, ಬೆಲ್ಲ ಹಾಕದ ಬೇಳೆ ಹೋಳಿಗೆ ಅಂದುಕೊಳ್ಳಿ! ಹಳದಿ ಬೇಳೆಯ ಹೂರಣ, ಹಂಚಿನ ಮೇಲೆ ಬೇಯಿಸಿದ್ದು, ಕೈಯಲ್ಲಿ ಹಿಡಿದರೆ ಬಟ್ಟೆ ಥರ ಮೆತ್ತಗೆ. ಎರಡನ್ನು ಒಂದರ ಮೇಲೊಂದು ಇಟ್ಟು ಕಾಳಿನ ಪಲ್ಯ, ಟೊಮೆಟೊ ಗೊಜ್ಜು, ಚಟ್ನಿ ಸವರಿ, ಸುರುಳಿ ಸುತ್ತಿ ಕಾಗದದಲ್ಲಿ ಕೊಡುತ್ತಾರೆ. 'ಗಾತೊ ಪಿಮಾ' ಅಂತ ಇನ್ನೊಂದಿದೆ. ಬಾಯಿಗಿಟ್ಟರೆ ನಮ್ಮ ಅಂಬೊಡೆಯೇ. ಬೆಳಿಗ್ಗೆ ಬೆಣ್ಣೆ ಹಚ್ಚಿದ ಬ್ರೆಡ್ಡಿನೊಳಗೆ ಇಟ್ಟುಕೊಂಡು ತಿನ್ನುತ್ತಾರೆ. ಅಪ್ಪನಿಗೆ ಖಂಡಿತ ಹಿಡಿಸುತ್ತದೆ.

ಇನ್ನೊಂದು ದಿನ ಪಾಂಪ್ಲಮೂಸ್ ಸಸ್ಯತೋಟ. ನೆಲ ಸಮತಟ್ಟು, ಮಂಡಿಗೆ ತೊಂದರೆ ಇಲ್ಲ. ಎಲ್ಲರೂ ಮೊರದಂಥ ಎಲೆಯ ದೊಡ್ಡ ನೈದಿಲೆಯ ಕೊಳದ ಹತ್ತಿರ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಸ್ವಲ್ಪ ಮುಂದೆ ಹೋಗಿ ಶ್ರೀತಾಳೆ ಮರ ನೋಡಿ. ನಮ್ಮಲ್ಲಿ ಓಲೆಗರಿ ಗ್ರಂಥಗಳನ್ನು ಬರೆಯಲು ಬಳಸುತ್ತಿದ್ದ ಜಾತಿ ಇದು. ಹತ್ತಾರು ವರ್ಷ ಬೆಳೆದು ಒಂದೇ ಸಲ ಹೂ ಬಿಡುತ್ತದೆ, ಕಾಯಿ ಹಣ್ಣಾದ ಮೇಲೆ ಸಾಯುತ್ತದೆ.

ಷಮರೆಲ್‌ನ ಏಳು ಬಣ್ಣದ ಮಣ್ಣು ಚೆನ್ನಾಗಿದೆ, ಆದರೆ ಜಾಗ ಚಿಕ್ಕದು, ಅರ್ಧ ಗಂಟೆ ಸಾಕು. ಅಲ್ಲಿಂದ ಲ ಮೋರ್ನ್ ಬೆಟ್ಟದ ಕಡೆ ಹೋಗಿ. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅಡಗಿದ್ದ ಬೆಟ್ಟ ಅದು. ಹತ್ತಬೇಕಿಲ್ಲ, ಕೆಳಗೆ ನಿಂತು ನೋಡಿದರೂ ಸಾಕು.

ಅಮ್ಮನ ಭಯದ ಬಗ್ಗೆ ಒಂದು ಮಾತು. ದ್ವೀಪದ ಸುತ್ತ ಬಹುತೇಕ ಕಡೆ ಹವಳದ ದಿಬ್ಬ ಇದೆ. ದೊಡ್ಡ ಅಲೆ ದೂರದಲ್ಲೇ ಒಡೆಯುವುದರಿಂದ ದಡದ ನೀರು ಕೆರೆಯಂತೆ ಇರುತ್ತದೆ. ಕುರ್ಚಿ ಹಾಕಿಸಿ ಕಾಲು ನೆನೆಸಿಕೊಂಡು ಕೂರಲಿ. ಆದರೆ ದಕ್ಷಿಣದ ಗ್ರಿ ಗ್ರಿ ಬೀಚಿನಂಥ ಕಡೆ ಈ ತಡೆ ಇಲ್ಲ, ಅಲ್ಲಿ ನೀರಿಗೆ ಇಳಿಯಲೇಬೇಡಿ.

ಗಂಗಾ ತಲಾವ್ ಕೆರೆಯ ದಡದ ಶಿವನ ಗುಡಿಗೆ ಹೇಗೂ ಹೋಗುತ್ತೀರಿ, ಅಲ್ವಾ? ಅದು ಎತ್ತರದ ಜಾಗ, ಮಳೆ, ಮಂಜು ಜಾಸ್ತಿ. ಮೇ ಅಂದರೆ ನಮಗೆ ಬೇಸಿಗೆ, ಅವರಿಗೆ ಚಳಿಗಾಲದ ಶುರು. ಅಮ್ಮನ ಸ್ವೆಟರ್ ಮರೆಯಬೇಡಿ.